ಗೇನ್ ಅಂದ್ರ ವಾಲ್ಯೂಮ್ ಅಲ್ರೀ

ಕಾರಿನ ಆಂಪ್ಲಿಫಯರ್‌ಗೆ ಗೇನ್ ಅಂತ ಒಂದು ಸಣ್ಣ ತಿರುಪು ಇರ್ತದ. ಹುಡುಗರು ಅದನ್ನ ವಾಲ್ಯೂಮ್ ಅಂತ ತಿಳದು ಪೂರ್ತಿ ತಿರುವಿಬಿಡ್ತಾರ. ಮನಿ ಖರ್ಚಿನ ಲೆಕ್ಕ ಇಡಾಕಿ ನಾನು, ಅದಕ್ಕ ಹೇಳ್ತೀನಿ, ಇದು ರೊಕ್ಕ ಸುಡೋ ಕೆಲಸ.

ಸ್ಟೀರಿಯೊದಿಂದ ಬರೋ ಸಿಗ್ನಲ್ಲಿಗೆ ಆಂಪ್ಲಿಫಯರ್ ಹೊಂದಿಸಲಿಕ್ಕೆ ಗೇನ್ ಇರೋದು. ಉರಿ ಜೋರು ಮಾಡಿದ್ರ ಹಾಲು ಹೆಚ್ಚಾಗ್ತದೇನ್ರಿ? ಉಕ್ಕಿ ಹೋಗ್ತದ. ಹಂಗ ಆಂಪ್ಲಿಫಯರ್ ತನ್ನ ಶಕ್ತಿ ಮೀರಿತು ಅಂದ್ರ ದನಿ ಒಡೀತದ, ಸ್ಪೀಕರ್ ಒಳಗಿನ ಕಾಯಿಲ್ ಕಾದು ಸುಟ್ಟು ಹೋಗ್ತದ.

ಬಾಸ್ ಬೂಸ್ಟ್ ಬಂದ್ ಮಾಡ್ರಿ. ಗೇನ್ ಪೂರ್ತಿ ಇಳಸ್ರಿ. ಸ್ಟೀರಿಯೊ ವಾಲ್ಯೂಮ್ ಮುಕ್ಕಾಲಿಗೆ ಇಟ್ಟು, ಗೊತ್ತಿದ್ದ ಹಾಡು ಹಚ್ಚಿ, ಗೇನ್ ಸಾವಕಾಶ ಏರಸ್ರಿ. ದನಿ ಒಡದಕೂಡ್ಲೆ ತುಸು ಹಿಂದ ತರ್ರಿ. ಅಲ್ಲಿಗೇ ಬಿಡ್ರಿ. ಅಷ್ಟು ದನಿ ಸಾಲದಂದ್ರ ದೊಡ್ಡ ಆಂಪ್ಲಿಫಯರ್ ಬೇಕು, ತಿರುಪು ತಿರುವಿದ್ರ ವ್ಯಾಟ್ ಹುಟ್ಟೂದಿಲ್ಲ.