ದಶಾವತಾರವನ್ನು ಪಳೆಯುಳಿಕೆ ಮಾಡುವವರಿಗೆ

ಜೀವವಿಕಾಸದ ಪಾಠದಲ್ಲಿ ವಿಜ್ಞಾನ ಮತ್ತು ಅಧ್ಯಾತ್ಮ ಎರಡನ್ನೂ ಬೆಸೆದು ಕಲಿಸಬೇಕು ಎನ್ನುವವರ ದನಿ ಕೆಲವು ವರ್ಷಗಳಿಂದ ಜೋರಾಗಿದೆ. 2018ರ ಜನವರಿಯಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಖಾತೆಯ ರಾಜ್ಯ ಸಚಿವರು, ಡಾರ್ವಿನ್ನನ ಸಿದ್ಧಾಂತ ತಪ್ಪು, ಮಂಗ ಮನುಷ್ಯನಾದದ್ದನ್ನು ಕಂಡವರಿಲ್ಲ ಎಂದರು. ಮರುವರ್ಷ ಅದೇ ತಿಂಗಳಲ್ಲಿ, ಜಲಂಧರದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ವೇದಿಕೆಯಲ್ಲಿ ಆಂಧ್ರ ವಿಶ್ವವಿದ್ಯಾಲಯದ ಅಂದಿನ ಕುಲಪತಿಗಳು, ಡಾರ್ವಿನ್ನನಿಗಿಂತ ನಮ್ಮ ದಶಾವತಾರವೇ ಮೇಲು ಎಂದರು. ಈ ಪಕ್ಷದ ವಾದಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ. ಯಾವುದನ್ನೂ ಬಡವಾಗಿಸಿ ಹೇಳುವುದಿಲ್ಲ. ತೀರ್ಪು ಓದುಗರದು.

ಮೊದಲ ವಾದ: ದಶಾವತಾರವೇ ಜೀವವಿಕಾಸ. ಮೀನು, ಆಮೆ, ಹಂದಿ, ನರಸಿಂಹ, ವಾಮನ, ಕೊಡಲಿ ಹಿಡಿದವನು, ಬಿಲ್ಲು ಹಿಡಿದವನು. ನೀರಿನಿಂದ ನೆಲಕ್ಕೆ, ಮೃಗದಿಂದ ಮನುಷ್ಯನಿಗೆ. ಕೇಳುವುದಕ್ಕೆ ಸೊಗಸಾಗಿದೆ. ಆದರೆ ಈ ಸೊಗಸೆಲ್ಲ ನಿಂತಿರುವುದು ಅನುಕ್ರಮದ ಮೇಲೆ. ಭಾಗವತದ ಮೊದಲ ಸ್ಕಂಧದ ಮೂರನೆಯ ಅಧ್ಯಾಯ ತೆರೆದು ನೋಡಿ. ಅಲ್ಲಿ ಅವತಾರಗಳನ್ನು ಎಣಿಸಿಯೇ ಹೇಳಿದೆ. ಮೊದಲು ಸನಕಾದಿ ಕುಮಾರರು, ಎರಡನೆಯದು ವರಾಹ, ಮೂರನೆಯವನು ನಾರದ. ಕಪಿಲ, ದತ್ತಾತ್ರೇಯ, ಋಷಭ, ಪೃಥು ಎಲ್ಲರೂ ಬಂದುಹೋದ ಮೇಲೆ ಹತ್ತನೆಯದಾಗಿ ಮತ್ಸ್ಯ, ಹನ್ನೊಂದನೆಯದಾಗಿ ಕೂರ್ಮ. ಇದನ್ನು ಜೀವವಿಕಾಸದ ಪಾಠವೆಂದು ಓದಿದರೆ, ಋಷಿಗಳೂ ರಾಜರೂ ಆದ ಮೇಲೆ ಮೀನು ಹುಟ್ಟಿತೆಂದು ಮಕ್ಕಳಿಗೆ ಹೇಳಿಕೊಡಬೇಕಾಗುತ್ತದೆ. ತಮಗೆ ಬೇಕಾದ ಪಟ್ಟಿಯನ್ನು ಇಟ್ಟುಕೊಂಡು ಬೇಡವಾದದ್ದನ್ನು ಮುಚ್ಚಿಡುವವರು ಪುರಾಣಕ್ಕೂ ನ್ಯಾಯ ಮಾಡುತ್ತಿಲ್ಲ.

ಅನುಕ್ರಮದ ಮಾತು ಬಿಡಿ ಎಂದರೆ, ಬಿಟ್ಟೇ ನೋಡೋಣ. ಜೀವವಿಕಾಸದ ತಿರುಳು ವಂಶಾವಳಿ: ಒಂದು ಜೀವಿಯ ಸಂತತಿ ತಲೆಮಾರುಗಳ ಮೇಲೆ ತಲೆಮಾರು ಬದಲಾಗುತ್ತ ಬೇರೆಯದಾಗುವುದು. ಅವತಾರಗಳಲ್ಲಿ ಯಾವುದು ಹಿಂದಿನದರ ಸಂತಾನ? ವಾಮನ ನರಸಿಂಹನ ವಂಶದವನಲ್ಲ, ಕಶ್ಯಪ ಮತ್ತು ಅದಿತಿಯರ ಮಗ. ನರಸಿಂಹ ಕಂಬದಿಂದ ಸಿಡಿದು ಬಂದವನು. ಇನ್ನು 'ನೀರಿನಿಂದ ನೆಲಕ್ಕೆ ಬಂದ ಉಭಯವಾಸಿ' ಎಂದು ತೋರಿಸುವ ಆಮೆ ಜೀವಶಾಸ್ತ್ರದಲ್ಲಿ ಸರೀಸೃಪ. ಉಭಯವಾಸಿ ಬೇಕಿದ್ದರೆ ಕಪ್ಪೆ ಬರಬೇಕಿತ್ತು, ಅದಕ್ಕೆ ಅವತಾರದ ಭಾಗ್ಯ ಸಿಕ್ಕಿಲ್ಲ. ಗಿಡಮರಗಳಿಗಂತೂ ಈ ಪಟ್ಟಿಯಲ್ಲಿ ಜಾಗವೇ ಇಲ್ಲ.

ಅದಕ್ಕಿಂತ ದೊಡ್ಡ ತೊಡಕು, ಈ ವಾದ ಜೀವವಿಕಾಸವನ್ನು ಮೇಲಕ್ಕೆ ಹತ್ತುವ ಮೆಟ್ಟಿಲೆಂದು ತಿಳಿದಿರುವುದು. ಇದಕ್ಕೆ ಉತ್ತರ ನಮ್ಮ ದೇಶದ ಕಲ್ಲಿನಲ್ಲೇ ಇದೆ. ಜಮ್ಮು ಪ್ರಾಂತ್ಯದ ಕಾಲಾಕೋಟ್‌ನಲ್ಲಿ ಭೂವಿಜ್ಞಾನಿ ಎ. ರಂಗರಾವ್ ಸಂಗ್ರಹಿಸಿಟ್ಟಿದ್ದ ಬಂಡೆಗಳನ್ನು ಅವರು ತೀರಿಕೊಂಡ ಮೇಲೆ ಅಮೆರಿಕದ ಹಾನ್ಸ್ ಥೆವಿಸೆನ್ ಪ್ರಯೋಗಾಲಯದಲ್ಲಿ ಬಿಡಿಸುತ್ತಿದ್ದಾಗ ಒಂದು ಪುಟ್ಟ ತಲೆಬುರುಡೆಯ ಕಿವಿಮೂಳೆ ಮುರಿಯಿತು. ಮುರಿದ ಅಂಚಿನಲ್ಲಿ ಕಂಡದ್ದು, ಒಂದು ಬದಿಯ ಗೋಡೆ ಮಾತ್ರ ದಪ್ಪಗಿರುವ ಮೂಳೆ. ಅಂಥ ಕಿವಿ ತಿಮಿಂಗಿಲಗಳ ಗುರುತು. ಆದರೆ ಪ್ರಾಣಿ ಬೆಕ್ಕಿನ ಗಾತ್ರದ್ದು, ನಾಲ್ಕು ಕಾಲಿನದು, ಗೊರಸಿನದು. ಸುಮಾರು 4.8 ಕೋಟಿ ವರ್ಷ ಹಿಂದಿನ ಈ 'ಇಂಡೋಹಿಯಸ್' ತಿಮಿಂಗಿಲಗಳ ಹತ್ತಿರದ ದಾಯಾದಿ ಎಂದು 2007ರಲ್ಲಿ ಪ್ರಕಟವಾಯಿತು. ಅಂದರೆ ನೆಲದ ಮೇಲಿದ್ದ ವಂಶವೊಂದು ಮತ್ತೆ ಸಮುದ್ರಕ್ಕಿಳಿದಿದೆ. ಮತ್ಸ್ಯದಿಂದ ಹೊರಟ ಮೆಟ್ಟಿಲಿನಲ್ಲಿ ಈ ತಿಮಿಂಗಿಲವನ್ನು ಎಲ್ಲಿ ಕೂರಿಸುತ್ತೀರಿ?

ಎರಡನೆಯ ವಾದ: ಡಾರ್ವಿನ್ನನಿಗಿಂತ ಸಾವಿರಾರು ವರ್ಷ ಮೊದಲೇ ನಮ್ಮವರಿಗೆ ಇದೆಲ್ಲ ತಿಳಿದಿತ್ತು. ಹಾಗಾದರೆ ತಿಳಿದವರು ಹೇಳಿದ್ದೆಲ್ಲಿ? ಡಾರ್ವಿನ್ನನ ಗ್ರಂಥ ಬಂದದ್ದು 1859ರಲ್ಲಿ. ದಶಾವತಾರದಲ್ಲಿ ಜೀವವಿಕಾಸವನ್ನು ಕಾಣಿಸಿದ ಪ್ರಸಿದ್ಧ ಬರಹ ಮೇಡಂ ಬ್ಲಾವಟ್‌ಸ್ಕಿಯವರದು. ಆ ಪುಸ್ತಕ ನ್ಯೂಯಾರ್ಕ್‌ನಲ್ಲಿ ಅಚ್ಚಾದದ್ದು 1877ರಲ್ಲಿ. ಬಂಗಾಳದ ಕೇಶವಚಂದ್ರ ಸೇನರು ಅದೇ ಧಾಟಿಯಲ್ಲಿ ಮಾತಾಡಿದ್ದು ಅದಾದ ಮೇಲೆ. ಪುರಾಣಗಳನ್ನು ಅಕ್ಷರ ಅಕ್ಷರವಾಗಿ ಜಾಲಾಡಿದ ಭಾಷ್ಯಕಾರರ ಪರಂಪರೆಯೇ ನಮ್ಮಲ್ಲಿದೆ. ಅವರ ಕಣ್ಣಿಗೆ ಬೀಳದ ಜೀವಶಾಸ್ತ್ರ, ಇಂಗ್ಲೆಂಡಿನಲ್ಲಿ ಪುಸ್ತಕವೊಂದು ಬಂದ ಹದಿನೆಂಟು ವರ್ಷಕ್ಕೆ ದಿಢೀರನೆ ಕಾಣಿಸಿಕೊಂಡಿತು! ಉತ್ತರ ಗೊತ್ತಾದ ಮೇಲೆ ಪ್ರಶ್ನೆಪತ್ರಿಕೆ ಬರೆಯುವುದು ಸುಲಭ.

ನಿಜವಾದ ತಿಳಿವಳಿಕೆ ಮುಂದಿನದನ್ನು ಹೇಳಬಲ್ಲದು. ಮೀನಿಗೂ ನಾಲ್ಕು ಕಾಲಿನ ಪ್ರಾಣಿಗೂ ನಡುವಿನ ಜೀವಿ ಇದ್ದಿದ್ದರೆ ಅದು ಸುಮಾರು 37.5 ಕೋಟಿ ವರ್ಷ ಹಳೆಯ, ಹೊಳೆಯ ಹೂಳಿನಿಂದಾದ ಬಂಡೆಯಲ್ಲಿ ಸಿಗಬೇಕು ಎಂದು ನೀಲ್ ಶೂಬಿನ್ ಮತ್ತು ಸಂಗಡಿಗರು ಲೆಕ್ಕ ಹಾಕಿದರು. ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ಅಂಥ ಬಂಡೆಗಳನ್ನು ಹುಡುಕಿ, 2004ರಲ್ಲಿ 'ಟಿಕ್‌ಟಾಲಿಕ್' ಅನ್ನು ಕಂಡರು. ಹುರುಪೆ ಮೀನಿನದು, ಕತ್ತು ನೆಲದ ಪ್ರಾಣಿಯದು, ಈಜುರೆಕ್ಕೆಯೊಳಗೆ ಮಣಿಕಟ್ಟಿನಂಥ ಮೂಳೆಗಳು. ದಶಾವತಾರದ ಆಧಾರದ ಮೇಲೆ ಇಂಥ ಊರಿನಲ್ಲಿ, ಇಂಥ ಪದರದಲ್ಲಿ, ಇಂಥ ಮೂಳೆ ಸಿಗುತ್ತದೆ ಎಂದು ಹೇಳಿ ಅಗೆದವರು ಒಬ್ಬರಿದ್ದರೆ ತೋರಿಸಲಿ.

ಮೂರನೆಯ ವಾದ: ಡಾರ್ವಿನ್ ಹೇಳಿದ್ದು ಬರೀ ಊಹೆ, ಮಂಗ ಮನುಷ್ಯನಾದದ್ದನ್ನು ಯಾರೂ ಕಂಡಿಲ್ಲ. ಇಲ್ಲಿ ಓದುಗರು ಒಂದು ಕ್ಷಣ ನಿಲ್ಲಬೇಕು. ಎರಡನೆಯ ವಾದದಲ್ಲಿ ಜೀವವಿಕಾಸ ನಮ್ಮ ಪೂರ್ವಜರ ಹೆಗ್ಗಳಿಕೆಯಾಗಿತ್ತು. ಮೂರನೆಯದರಲ್ಲಿ ಅದೇ ಪರದೇಶಿಗಳ ಸುಳ್ಳಾಯಿತು. ಸುಳ್ಳಾಗಿದ್ದರೆ ಅದರ ಕೀರ್ತಿ ನಮಗೇಕೆ? ನಿಜವಾಗಿದ್ದರೆ ಅದರ ಮೇಲೆ ಈ ಸಿಟ್ಟೇಕೆ? ಎರಡು ದೋಣಿಯಲ್ಲಿ ಕಾಲಿಟ್ಟವರು ಮೊದಲು ಯಾವುದರಲ್ಲಿ ಕೂರುತ್ತಾರೆಂದು ತೀರ್ಮಾನಿಸಲಿ. ಇನ್ನು 'ಕಂಡಿಲ್ಲ' ಎಂಬ ಮಾತು. ಈಗಿನ ಮಂಗ ಮನುಷ್ಯನಾಯಿತೆಂದು ಯಾವ ಜೀವಶಾಸ್ತ್ರಜ್ಞನೂ ಹೇಳುವುದಿಲ್ಲ. ಇಬ್ಬರಿಗೂ ಹಿಂದೊಂದು ಕಾಲದಲ್ಲಿ ಒಂದೇ ಪೂರ್ವಜ ಇತ್ತು ಎನ್ನುತ್ತಾನೆ. ಅದರ ದಾಖಲೆ ನಮ್ಮ ಒಡಲಲ್ಲೇ ಇದೆ. ಚಿಂಪಾಂಜಿಗೆ 24 ಜೊತೆ ವರ್ಣತಂತುಗಳು, ನಮಗೆ 23. ಕಳೆದುಹೋದ ಜೊತೆ ಎಲ್ಲಿ? ನಮ್ಮ ಎರಡನೆಯ ವರ್ಣತಂತುವಿನಲ್ಲಿ. ವರ್ಣತಂತುಗಳ ತುದಿಯಲ್ಲಿರುವ ಡಿಎನ್‌ಎ ಸರಣಿ ಅದರ ಒಡಲ ನಡುವೆ ಸಿಗುತ್ತದೆ. ಎರಡು ಒಂದಾಗಿ ಬೆಸೆದುಕೊಂಡ ಗಾಯದ ಕಲೆ ಅದು. ಸಚಿವರ ಹೇಳಿಕೆ ಬಂದ ಕೂಡಲೇ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ಅಲ್ಲಗಳೆದದ್ದು ಇಂಥ ಪುರಾವೆಗಳ ಬಲದ ಮೇಲೆ.

ನಾಲ್ಕನೆಯದು ವಾದಕ್ಕಿಂತ ನುಣುಚುವಿಕೆ: ನಾವು ಹೇಳಿದ್ದು ಬರೀ ಹೋಲಿಕೆ, ಮಕ್ಕಳಿಗೆ ಸುಲಭವಾಗಲೆಂದು. ಹತ್ತಾರು ಭಾಷಣಗಳಲ್ಲಿ 'ಸಿದ್ಧಾಂತ'ವಾಗಿದ್ದದ್ದು ಪ್ರಶ್ನೆ ಬಿದ್ದೊಡನೆ 'ಹೋಲಿಕೆ'ಯಾಗಿ ಕುಗ್ಗುತ್ತದೆ. ಇರಲಿ, ಹೋಲಿಕೆಯನ್ನೇ ತರಗತಿಗೆ ತರೋಣ. "ಹಂದಿ ಯಾವ ಪ್ರಾಣಿಯಿಂದ ವಿಕಾಸವಾಯಿತು?" ಎಂಬ ಪ್ರಶ್ನೆಗೆ ವಿದ್ಯಾರ್ಥಿನಿಯೊಬ್ಬಳು "ಆಮೆಯಿಂದ" ಎಂದು ಬರೆಯುತ್ತಾಳೆ. ಮೇಷ್ಟ್ರು ಸೊನ್ನೆ ಕೊಟ್ಟರೆ ಹೋಲಿಕೆಯೇ ದಾರಿ ತಪ್ಪಿಸಿತೆಂದಾಯಿತು. ಅಂಕ ಕೊಟ್ಟರೆ ವಿಜ್ಞಾನದ ಪಾಠ ಮುಗಿಯಿತು. ಕಲಿಸಿದ್ದನ್ನು ಅಳಿಸಿ ಮತ್ತೆ ಕಲಿಸಬೇಕಾದ ಉಪಾಯ ಸುಲಭದ್ದು ಹೇಗಾಗುತ್ತದೆ?

ಐದನೆಯ ವಾದ: ಅಧ್ಯಾತ್ಮವಿಲ್ಲದೆ ಜೀವವಿಕಾಸ ಕಲಿಸಿದರೆ ಮಕ್ಕಳು ತಾವೂ ಬರೀ ಪ್ರಾಣಿಗಳೆಂದು ತಿಳಿದು ನೀತಿಗೆಡುತ್ತಾರೆ. ಡಾರ್ವಿನ್ ಹುಟ್ಟುವುದಕ್ಕೆ ಮುಂಚೆ ಲೋಕದಲ್ಲಿ ಕಳ್ಳರೂ ಕೊಲೆಗಡುಕರೂ ಇರಲಿಲ್ಲವೇ? ಮನುಷ್ಯ ಎಲ್ಲಿಂದ ಬಂದ ಎನ್ನುವುದು ಒಂದು ಪ್ರಶ್ನೆ, ಹೇಗೆ ಬಾಳಬೇಕು ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಸುಳ್ಳು ಉತ್ತರ ಕೊಟ್ಟು ಎರಡನೆಯದನ್ನು ನೇರ ಮಾಡಲಾಗದು. ಅಲ್ಲದೆ ಸಕಲ ಜೀವರಾಶಿಯ ಮೇಲೆ ದಯೆ ಇರಲಿ ಎನ್ನುವವರಿಗೆ, ಅವೆಲ್ಲ ನಮ್ಮ ನೆಂಟರೇ ಎನ್ನುವ ವಿಜ್ಞಾನ ಏಕೆ ಕಹಿಯಾಗಬೇಕು? ಎಲ್ಲ ಮನುಷ್ಯರ ಬೇರೂ ಆಫ್ರಿಕಾದಲ್ಲಿದೆ ಎಂದು ಕಲಿತ ಹುಡುಗ, ಹುಟ್ಟಿನಿಂದ ಮೇಲು ಕೀಳು ಎಂಬ ಮಾತನ್ನು ನಂಬುವುದು ಕಷ್ಟ. ಬಹುಶಃ ಕೆಲವರ ನಿಜವಾದ ಅಂಜಿಕೆ ಅದೇ ಇರಬಹುದು.

ಕೊನೆಯ ವಾದ ಬಹಳ ಉದಾರವಾಗಿ ಕಾಣುತ್ತದೆ: ಎರಡನ್ನೂ ಕಲಿಸಿ, ಮಕ್ಕಳೇ ಆರಿಸಿಕೊಳ್ಳಲಿ. ಎರಡೇ ಏಕೆ? ಕರ್ನಾಟಕದ ಒಂದು ಸರ್ಕಾರಿ ಶಾಲೆಯ ಬೆಂಚಿನ ಮೇಲೆ ವೈಷ್ಣವರ, ಲಿಂಗಾಯತರ, ಜೈನರ, ಮುಸ್ಲಿಮರ, ಕ್ರೈಸ್ತರ, ಸೋಲಿಗರ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಜೈನರ ಲೋಕಕ್ಕೆ ಆದಿಯೇ ಇಲ್ಲ. ಬೈಬಲ್ಲಿನ ಲೋಕ ಆರು ದಿನದಲ್ಲಿ ಆದದ್ದು. ಇವುಗಳಲ್ಲಿ ಯಾರ ಅಧ್ಯಾತ್ಮ ಪಠ್ಯಕ್ಕೆ ಬರಬೇಕು? ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎನ್ನುತ್ತದೆ ಸಂವಿಧಾನದ 28ನೇ ವಿಧಿ. ವೈಜ್ಞಾನಿಕ ಮನೋಭಾವ ಬೆಳೆಸುವುದು ಪ್ರಜೆಯ ಕರ್ತವ್ಯ ಎನ್ನುತ್ತದೆ 51ಎ. ಇನ್ನು ಆಯ್ಕೆಯ ಮಾತು: 2023ರ ಹೊತ್ತಿಗೆ ಎನ್‌ಸಿಇಆರ್‌ಟಿಯ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ 'ಅನುವಂಶೀಯತೆ ಮತ್ತು ಜೀವವಿಕಾಸ' ಎಂಬ ಅಧ್ಯಾಯ ಬರೀ 'ಅನುವಂಶೀಯತೆ' ಆಗಿ ಉಳಿಯಿತು. ಹೊರೆ ಇಳಿಸುವುದಕ್ಕೆಂದು ಕಾರಣ ಕೊಟ್ಟರು. ಮುಂದೆ ಜೀವಶಾಸ್ತ್ರ ತೆಗೆದುಕೊಳ್ಳದ ಮಕ್ಕಳಿಗೆ ಆ ಪಾಠ ಶಾಲೆಯಲ್ಲಿ ಮತ್ತೆ ಸಿಗುವುದಿಲ್ಲ. 'ಎರಡನ್ನೂ ಕಲಿಸಿ' ಎಂದವರಲ್ಲಿ ಎಷ್ಟು ಜನ ಆಗ ಬಾಯಿ ಬಿಟ್ಟರು?

ಇದೆಲ್ಲ ನಾಸ್ತಿಕರ ಗೊಣಗಾಟ ಎಂದು ತಳ್ಳಿಹಾಕುವವರಿಗೆ ಒಂದು ಹೆಸರು ಸಾಕು. ಜೀವವಿಕಾಸದ ಬೆಳಕಿಲ್ಲದೆ ಜೀವಶಾಸ್ತ್ರದಲ್ಲಿ ಯಾವುದಕ್ಕೂ ಅರ್ಥವಿಲ್ಲ ಎಂದು 1973ರಲ್ಲಿ ಬರೆದ ಥಿಯೊಡೋಸಿಯಸ್ ಡಾಬ್‌ಝಾನ್‌ಸ್ಕಿ ದೈವಭಕ್ತ ಕ್ರೈಸ್ತ. ದೇವರನ್ನು ನಂಬಿಯೂ ಅವರು ತಮ್ಮ ನೊಣಗಳ ಪ್ರಯೋಗಕ್ಕೆ ಬೈಬಲ್ಲನ್ನು ಸಾಕ್ಷಿಗೆ ಕರೆಯಲಿಲ್ಲ. ವಿಜ್ಞಾನ ಒಣ ವಿಷಯ, ಅಧ್ಯಾತ್ಮ ಬೆರೆಸದಿದ್ದರೆ ಬೆರಗು ಹುಟ್ಟದು ಎನ್ನುವವರು ತೇಜಸ್ವಿಯವರ 'ಕರ್ವಾಲೊ' ಕಾದಂಬರಿ ಓದಲಿ. ಅದರಲ್ಲಿ ಬರುವ, ಪಕ್ಕೆಲುಬುಗಳನ್ನೇ ಚಾಚಿ ಅದರ ಮೇಲಿನ ಚರ್ಮವನ್ನು ರೆಕ್ಕೆ ಮಾಡಿಕೊಂಡು ಮರದಿಂದ ಮರಕ್ಕೆ ತೇಲುವ ಹಾರುವ ಓತಿ ನಮ್ಮ ಪಶ್ಚಿಮಘಟ್ಟದಲ್ಲೇ ಇದೆ. ಬೆರಗಿಗೆ ಅದು ಸಾಲದೇ?

ಭಕ್ತರಿಗೂ ಒಂದು ಮಾತು. ಮತ್ಸ್ಯಾವತಾರ ಪಳೆಯುಳಿಕೆಯ ಸಾಕ್ಷಿ ಇಟ್ಟುಕೊಂಡು ನಿಂತದ್ದಲ್ಲ. ಅದಕ್ಕೆ ಪ್ರಯೋಗಾಲಯದ ಸರ್ಟಿಫಿಕೇಟು ಬೇಕೂ ಇಲ್ಲ. ನಾಳೆ ಹೊಸ ಮೂಳೆ ಸಿಕ್ಕಿ ವಿಜ್ಞಾನ ತನ್ನ ಪಟ್ಟಿ ತಿದ್ದಿಕೊಂಡರೆ ನೀವು ವಿಷ್ಣುವಿನ ಪಟ್ಟಿಯನ್ನೂ ತಿದ್ದುತ್ತೀರಾ? ಪುರಾಣವನ್ನು ಪುರಾಣವಾಗಿಯೇ ಓದಿಸಿ, ಜೀವವಿಕಾಸದ ಅಧ್ಯಾಯವನ್ನು ಹತ್ತನೇ ತರಗತಿಗೆ ಪೂರ್ತಿಯಾಗಿ ಮರಳಿ ತನ್ನಿ ಎಂದು ನಮ್ಮೊಡನೆ ನೀವೂ ಕೇಳಿ.