ಅಲ್ಲಾಡಿಸಿ ನೋಡಿದ ಬ್ಯಾಟರಿ
ತಿಪಟೂರಿನ ಪಕ್ಕ ತೋಟದ ಮನೆಯಲ್ಲಿ ಕೂತು ಈ ಅಂಕಣವನ್ನೇ ಕುಟ್ಟುತ್ತಿದ್ದೆ. ಕರೆಂಟು ಹೋಗಿತ್ತು, ಬ್ಯಾಟರಿ 27 ಪರ್ಸೆಂಟ್ ತೋರಿಸುತ್ತಿತ್ತು; ಟಪ್ಪಂತ ಲ್ಯಾಪ್‌ಟಾಪ್ ಆರಿಹೋಯಿತು. ಎಚ್ಚರಿಕೆಯೂ ಇಲ್ಲ, ಏನೂ ಇಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ತೆಂಗಿನಕಾಯನ್ನು ನಮ್ಮ ಕಡೆ ಯಾರೂ ಸಿಪ್ಪೆ ನೋಡಿ ನಂಬುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ, ಒಳಗೆ ಕೊಬ್ಬರಿ ಗಿಟಕು ಲೊಡಲೊಡ ಅಂದರೆ ಸರಿ. ಲ್ಯಾಪ್‌ಟಾಪಿನ ಪರ್ಸೆಂಟೂ ಸಿಪ್ಪೆಯೇ, ಬರೀ ಅಂದಾಜು. ಲಿಥಿಯಂ ಸೆಲ್ ಹಳತಾದಷ್ಟೂ ಅದರೊಳಗಿನ ರೋಧ ಹೆಚ್ಚುತ್ತದೆ. ಜಾಸ್ತಿ ಕೆಲಸ ಹೇರಿದೊಡನೆ ವೋಲ್ಟೇಜು ಕುಸಿದು, ಸೆಲ್ಲಿಗೆ 3 ವೋಲ್ಟಿನ ಆಸುಪಾಸಿಗೆ ಬಂದರೆ ಕಾವಲಿನ ಸರ್ಕಿಟ್ಟು ಸಂಪರ್ಕ ಕಡಿದುಬಿಡುತ್ತದೆ. ಕರೆಂಟು ಬಂದ ಮೇಲೆ ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆದೆ (ಅಲ್ಲಾಡಿಸುವುದು ಅಂದರೆ ಇದೇ): ಹೊಸದರಲ್ಲಿ 48 ವ್ಯಾಟ್-ಅವರ್ ಹಿಡಿಯುತ್ತಿದ್ದದ್ದು ಈಗ 21. ಪೂರ್ತಿ ತುಂಬಿಸಿ, ಪೂರ್ತಿ ಇಳಿಸಿ, ಮತ್ತೆ ತುಂಬಿಸಿದೆ. ಮೀಟರಿನ ಲೆಕ್ಕ ಒಂದಿಷ್ಟು ನೆಟ್ಟಗಾಯಿತು, ಸೊರಗಿದ ಸೆಲ್ ಮಾತ್ರ ಚೇತರಿಸಿಕೊಳ್ಳಲಿಲ್ಲ. ಹೈಬರ್ನೇಟ್ ಆಗುವ ಮಟ್ಟವನ್ನು 5ರಿಂದ 30ಕ್ಕೆ ಏರಿಸಿ, ಹೊಸ ಬ್ಯಾಟರಿಗೆ ಹೇಳಿದ್ದೇನೆ. ಈ ಸಾಲು ಬರೆಯುವಾಗ 41 ಇದೆ, ಸೇವ್ ಮಾಡಿದೆ.