ಸೋತ ತಂಡಕ್ಕೆ ಮುಂದಿನ ಪಂದ್ಯ ಯಾವಾಗ?

ಕೆರಿಬಿಯನ್ ಸಮುದ್ರದ ಕ್ಯುರಸಾವ್ ದ್ವೀಪದ ಜನಸಂಖ್ಯೆ ಒಂದೂವರೆ ಲಕ್ಷದ ಆಸುಪಾಸು. ನಮ್ಮ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲೇ ಅದಕ್ಕಿಂತ ಹೆಚ್ಚು ಜನರಿದ್ದಾರೆ. 2025ರ ನವೆಂಬರಿನಲ್ಲಿ ಆ ದ್ವೀಪದ ತಂಡ ಜಮೈಕಾಕ್ಕೆ ಹೋಗಿ ಗೋಲಿಲ್ಲದ ಡ್ರಾ ಮಾಡಿಕೊಂಡು 2026ರ ವಿಶ್ವಕಪ್‌ಗೆ ಅರ್ಹತೆ ಗಳಿಸಿತು. ಅಷ್ಟು ಸಣ್ಣ ನಾಡು ಹಿಂದೆಂದೂ ಅಲ್ಲಿಗೆ ಹೋದದ್ದಿಲ್ಲ. ಅದೇ ತಿಂಗಳ ಫಿಫಾ ಪಟ್ಟಿಯಲ್ಲಿ ಭಾರತ 142ನೆಯ ಸ್ಥಾನಕ್ಕೆ ಜಾರಿತ್ತು. ಇಷ್ಟಾದ ಮೇಲೆ ನಮ್ಮವರ ಎಂದಿನ ಗೊಣಗಾಟ: ಇಷ್ಟು ಕೋಟಿ ಜನರಲ್ಲಿ ಆಡಬಲ್ಲ ಹನ್ನೊಂದು ಮಂದಿ ಸಿಗುವುದಿಲ್ಲವೇ? ತಲೆ ಎಣಿಸಿ ಪ್ರಯೋಜನವಿಲ್ಲ. ಎಣಿಸಬೇಕಾದದ್ದು ಪಂದ್ಯಗಳನ್ನು.

ಫುಟ್‌ಬಾಲ್ ಸಂಸ್ಥೆ ಎಂದೊಡನೆ ನಮಗೆ ನೆನಪಾಗುವುದು ಚುನಾವಣೆ ಮತ್ತು ಕೋರ್ಟು. 1937ರಲ್ಲಿ ಹುಟ್ಟಿದ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನನ್ನು 2022ರ ಆಗಸ್ಟ್‌ನಲ್ಲಿ ಫಿಫಾ ಹತ್ತು ದಿನಗಳ ಮಟ್ಟಿಗೆ ಅಮಾನತಿನಲ್ಲಿಟ್ಟಿತು. ಆಡಳಿತದಲ್ಲಿ ಹೊರಗಿನವರು ಕೈಹಾಕಿದ್ದಾರೆ ಎಂಬುದು ಕಾರಣ. ತಾಷ್ಕೆಂಟ್‌ವರೆಗೆ ಹೋಗಿದ್ದ ಗೋಕುಲಂ ಕೇರಳದ ಹೆಣ್ಣುಮಕ್ಕಳು ಏಷ್ಯಾದ ಕ್ಲಬ್ ಟೂರ್ನಿ ಆಡದೆ ಮರಳಬೇಕಾಯಿತು. ಆ ಹತ್ತು ದಿನ ನಮ್ಮ ಪತ್ರಿಕೆಗಳ ತುಂಬ ಅದೇ ಸುದ್ದಿ. ಆದರೆ ಖಾನಾಪುರದ ಕಾಡಂಚಿನ ಹಳ್ಳಿಯ ಹುಡುಗನಿಗೆ ಅಮಾನತು ಬಿದ್ದದ್ದೂ ತಿಳಿಯಲಿಲ್ಲ, ತೆರವಾದದ್ದೂ ತಿಳಿಯಲಿಲ್ಲ. ಅವನಿಗೆ ಆ ತಿಂಗಳೂ ಪಂದ್ಯವಿರಲಿಲ್ಲ, ಮುಂದಿನ ತಿಂಗಳೂ ಇರಲಿಲ್ಲ. ಫೆಡರೇಷನ್ನಿನ ಮೇಲೆ ಇದಕ್ಕಿಂತ ದೊಡ್ಡ ಆಪಾದನೆ ಬೇಕಿಲ್ಲ ಎಂದು ನನ್ನ ಅನಿಸಿಕೆ.

ಶಾಲಾ ಕ್ರೀಡಾಕೂಟಗಳಲ್ಲಿ ಫುಟ್‌ಬಾಲ್ ನಡೆಯುವುದು ಬಹುಮಟ್ಟಿಗೆ ನಾಕೌಟ್ ಪದ್ಧತಿಯಲ್ಲಿ. ತಾಲೂಕಿನಿಂದ 16 ತಂಡ ಬಂದವೆನ್ನಿ. ಒಟ್ಟು ಪಂದ್ಯ ಹದಿನೈದು. ಎಂಟು ತಂಡಗಳು ಒಂದೇ ಆಟ ಆಡಿ ಬಸ್ಸು ಹತ್ತುತ್ತವೆ. ಫೈನಲ್ ಮುಟ್ಟಿದ ಎರಡಕ್ಕೆ ಮಾತ್ರ ನಾಲ್ಕು ಸಿಗುತ್ತವೆ. ಅಂದರೆ ಯಾರಿಗೆ ಅಭ್ಯಾಸ ಹೆಚ್ಚು ಬೇಕೋ ಅವರನ್ನೇ ನಾವು ಮೊದಲು ಮನೆಗೆ ಕಳಿಸುತ್ತೇವೆ. ಅದೇ ಹದಿನಾರನ್ನು ಎಂಟೆಂಟರ ಎರಡು ಗುಂಪು ಮಾಡಿ, ನಮ್ಮೂರಲ್ಲೊಂದು ನಿಮ್ಮೂರಲ್ಲೊಂದು ಎಂದು ಲೀಗ್ ಆಡಿಸಿದರೆ ಪ್ರತಿ ತಂಡಕ್ಕೂ 14 ಪಂದ್ಯ. ಈ ಶನಿವಾರ ಐದು ಗೋಲು ತಿಂದ ಗೋಲ್‌ಕೀಪರ್‌ಗೆ ಮುಂದಿನ ಶನಿವಾರ ಇನ್ನೊಂದು ಅವಕಾಶ ಇರುತ್ತದೆ. ಆಟ ಕಲಿಯುವುದು ಆ ಎರಡು ಶನಿವಾರಗಳ ನಡುವೆ. ಇದರ ಮೇಲೆ ನಮ್ಮ ಕೂಟಗಳು ನಡೆಯುವುದು ಬಹುತೇಕ ಆಗಸ್ಟ್–ಸೆಪ್ಟೆಂಬರಿನಲ್ಲಿ. ಖಾನಾಪುರ ತಾಲೂಕಿನ ಕಣಕುಂಬಿಯ ಕಡೆಯ ಮಳೆ ಬಲ್ಲವರಿಗೆ ಆ ತಿಂಗಳುಗಳಲ್ಲಿ ಮೈದಾನ ಹೇಗಿರುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಚೆಂಡು ಕೆಸರಲ್ಲಿ ನಿಂತುಬಿಡುತ್ತದೆ, ಪಾಸ್ ಮಾಡುವವನಿಗಿಂತ ಜೋರಾಗಿ ಒದೆಯುವವನೇ ಗೆಲ್ಲುತ್ತಾನೆ.

ಕ್ಯುರಸಾವ್ ಮಾದರಿಯೇ ಅಲ್ಲ, ಅದರ ಆಟಗಾರರಲ್ಲಿ ಹೆಚ್ಚಿನವರು ಹುಟ್ಟಿ ಬೆಳೆದದ್ದು ನೆದರ್‌ಲೆಂಡ್ಸ್‌ನಲ್ಲಿ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜವೇ. ಆ ಆಕ್ಷೇಪಣೆಯಿಂದ ನನ್ನ ವಾದವೇ ಗಟ್ಟಿಯಾಗುತ್ತದೆ. ಅವರನ್ನು ಬೆಳೆಸಿದ್ದು ದ್ವೀಪದ ಫೆಡರೇಷನ್ ಅಲ್ಲ. ಸಣ್ಣ ಊರಿಗೂ ಒಂದು ಕ್ಲಬ್ಬು, ಕ್ಲಬ್ಬಿಗೊಂದು ಮೈದಾನ, ಮಕ್ಕಳಿಗೆ ವಾರವಾರದ ಪಂದ್ಯ ಇರುವ ಡಚ್ ಏರ್ಪಾಡು. ಫೆಡರೇಷನ್ ಬೆಳೆ ಕೊಯ್ದುಕೊಂಡಿತು, ಅಷ್ಟೇ.

ಅಷ್ಟು ದೂರವೂ ಹೋಗಬೇಕಿಲ್ಲ. ಬೆಳಗಾವಿಯಿಂದ ಹೆದ್ದಾರಿ ಹಿಡಿದು ಉತ್ತರಕ್ಕೆ ನೂರು ಕಿಲೋಮೀಟರ್ ಚಿಲ್ಲರೆ ಹೋದರೆ ಕೊಲ್ಹಾಪುರ. ಅಲ್ಲಿನ ಪೇಟೆಪೇಟೆಯ ಕುಸ್ತಿ ತಾಲೀಮುಗಳ ಹೆಸರಿನಲ್ಲೇ ಫುಟ್‌ಬಾಲ್ ತಂಡಗಳಿವೆ: ಪಾಟಾಕಡೀಲ್ ತಾಲೀಮ್, ಖಂಡೋಬಾ ತಾಲೀಮ್. ಕೊಲ್ಹಾಪುರ ಸ್ಪೋರ್ಟ್ಸ್ ಅಸೋಸಿಯೇಷನ್ನಿನ ಲೀಗ್ ಶಾಹು ಸ್ಟೇಡಿಯಂನಲ್ಲಿ ನಡೆದರೆ ಪೇಟೆಗೆ ಪೇಟೆಯೇ ಬಂದು ಕೂರುತ್ತದೆ. ಕೆಲವೊಮ್ಮೆ ಬಡಿದಾಟವೂ ಆಗುತ್ತದೆ, ಅದು ಬೇರೆ ಮಾತು. 2017ರ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಭಾರತದ ಪರ ಆಡಿದ ಅನಿಕೇತ್ ಜಾಧವ್ ಇದೇ ಊರಿನವನು. ಈ ಹುಚ್ಚನ್ನು ಅಲ್ಲಿ ಹುಟ್ಟಿಸಿದ್ದು ದಿಲ್ಲಿಯ ಯಾವ ಯೋಜನೆಯೂ ಅಲ್ಲ.

ಬೆಳಗಾವಿಗೆ ಏನೂ ಇಲ್ಲವೆಂದಲ್ಲ. 1856ರಲ್ಲಿ ಆರಂಭವಾದ ಸೇಂಟ್ ಪಾಲ್ಸ್ ಶಾಲೆಯ ಮೈದಾನದಲ್ಲಿ ಫಾದರ್ ಎಡ್ಡಿ ಸ್ಮಾರಕ ಅಂತರಶಾಲಾ ಟೂರ್ನಿಯನ್ನು ಹಳೆಯ ವಿದ್ಯಾರ್ಥಿಗಳು ಪಟ್ಟುಬಿಡದೆ ನಡೆಸಿಕೊಂಡು ಬಂದಿದ್ದಾರೆ. ಟಿಳಕವಾಡಿಯಲ್ಲಿ ಲೇಲೆ ಮೈದಾನವಿದೆ, ಊರಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವಿದೆ. ಆದರೆ ಇಪ್ಪತ್ತೈದು ಕಿಲೋಮೀಟರ್ ಆಚೆಯ ಖಾನಾಪುರಕ್ಕೆ, ಅದರಾಚೆಯ ಲೋಂಡಾ, ನಂದಗಡ, ಗುಂಜಿಗೆ ಈ ಉತ್ಸಾಹ ವರ್ಷವಿಡೀ ಹರಿಯುವ ದಾರಿ ಇಲ್ಲ. ಲೋಂಡಾದ ಹುಡುಗನಿಗೆ ರೈಲಿನಲ್ಲಿ ಮಡಗಾಂವ್ ಹತ್ತಿರ. ಅವನ ರಾಜ್ಯ ಸಂಸ್ಥೆಯ ಕಚೇರಿ ಇರುವ ಬೆಂಗಳೂರು ಒಂದು ರಾತ್ರಿಯ ಪಯಣ. ಕರ್ನಾಟಕ 2023ರಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಹೆಮ್ಮೆಯ ಮಾತೇ. ಆದರೆ ರಾಜ್ಯದ ಲೀಗಿನ ಕ್ಲಬ್ಬುಗಳು ಇಂದಿಗೂ ಹೆಚ್ಚುಕಡಿಮೆ ಬೆಂಗಳೂರಿನವೇ. ಒಂದು ನಗರದ ಲೀಗನ್ನು ರಾಜ್ಯದ ಲೀಗೆಂದು ಕರೆದರೆ ಗಡಿ ತಾಲೂಕುಗಳಿಗೆ ಪಂದ್ಯ ದಕ್ಕುವುದಿಲ್ಲ.

ಫೆಡರೇಷನ್ 2023ರ ಜನವರಿಯಲ್ಲಿ ಒಂದು ದೂರದೃಷ್ಟಿ ಯೋಜನೆ ಪ್ರಕಟಿಸಿತು. 2047ರ ಹೊತ್ತಿಗೆ ಭಾರತ ಏಷ್ಯಾದ ಮೊದಲ ನಾಲ್ಕರಲ್ಲಿರಬೇಕಂತೆ. ಇರಲಿ. ತಾಲೂಕಿಗೊಂದು ಲೀಗ್ ಕೇಳಿದರೆ ಬರುವ ದುಡ್ಡಿಲ್ಲ ಎಂಬ ಉತ್ತರವನ್ನು ಮಾತ್ರ ನಾನು ಪೂರ್ತಿ ಒಪ್ಪಲಾರೆ. ತಾಲೂಕಿನ ಲೀಗಿಗೆ ಬೇಕಾದ್ದು ಸುಣ್ಣದ ಪುಡಿ, ಎರಡು ಗೋಲು ಕಂಬ, ಬಸ್ಸಿನ ಚಾರ್ಜು, ನಿಯಮ ಬಲ್ಲ ರೆಫರಿ. ಕೊನೆಯದೊಂದೇ ಕಷ್ಟದ್ದು, ಸಂಸ್ಥೆ ನಿಜವಾಗಿ ಮಾಡಬೇಕಾದ ಕೆಲಸವೂ ಅದೇ: ಬೆಳಗಾವಿಯಲ್ಲೇ, ಕನ್ನಡದಲ್ಲೂ ಮರಾಠಿಯಲ್ಲೂ ರೆಫರಿಗಳಿಗೆ, ಪಿ.ಟಿ. ಮಾಸ್ತರರಿಗೆ ತರಬೇತಿ ಕೊಡುವುದು. ನೆರೆಯ ಗೋವಾ, ಕೊಲ್ಹಾಪುರದ ತಂಡಗಳೊಡನೆ ಆಡಲು ಕಾಗದಪತ್ರದ ತೊಡಕಿದ್ದರೆ ಅದನ್ನು ಬಿಡಿಸುವ ಅಧಿಕಾರವೂ ಸಂಸ್ಥೆಯದೇ.

ಜಿಲ್ಲಾ ಸಂಸ್ಥೆ ಮತ್ತು ಶಿಕ್ಷಣ ಇಲಾಖೆಯವರು ಒಮ್ಮೆ ಒಟ್ಟಿಗೆ ಕೂರಲಿ. ಮಳೆ ನಿಂತ ಮೇಲೆ, ನವೆಂಬರಿನಿಂದ ಫೆಬ್ರುವರಿಯವರೆಗೆ, ಖಾನಾಪುರದ ಎಂಟು ಶಾಲೆಗಳ ಲೀಗಿಗೆ ದಿನಾಂಕ ಗೊತ್ತುಮಾಡಿ ಆ ಪಟ್ಟಿಯನ್ನು ಜೂನ್‌ನಲ್ಲೇ ಪ್ರತಿ ಶಾಲೆಯ ನೋಟಿಸ್ ಬೋರ್ಡಿಗೆ ಹಚ್ಚಲಿ.